ತೊಗಲ ಸೇನೆಗೆ ಹೊಸ ಬಣ್ಣ

ಚಳ್ಳಕೆರೆಯಿಂದ ನಾಯಕನಹಟ್ಟಿಗೆ ಸುಮಾರು 24 ಕಿ.ಮೀ. ದಾರಿಯ ಇಕ್ಕೆಲಗಳಲ್ಲೂ ಶೇಂಗಾ ಹೊಲ, ಕುರಿಮಂದೆ, ಕಣ್ಣು ಹಾಯುವವರೆಗೂ ಕುರುಚಲು ಹುಲ್ಲಿನ ಕಾವಲು. ಮೈಸೂರು ಅರಸರ ಮತ್ತು ಟಿಪ್ಪುವಿನ ಸೈನ್ಯಕ್ಕೆ ಸರಂಜಾಮು ಎಳೆದ ಅಮೃತ್ ಮಹಲ್ ಎತ್ತುಗಳು ಮೇದದ್ದು ಇಂಥ ಕಾವಲುಗಳಲ್ಲೇ. ರಾಜ್ಯದಲ್ಲಿ ತೀರಾ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಇದೂ ಒಂದು.

ಊರಿನ ಹೆಸರು ದೂರದವರೆಗೆ ಹಬ್ಬಿರುವುದು ತಿಪ್ಪೇರುದ್ರಸ್ವಾಮಿಯಿಂದ. ಊರೊಳಗೆ ಒಳಮಠ, ಹೊರಗೆ ಹೊರಮಠ. ಫಾಲ್ಗುಣ ಮಾಸದ ತೇರಿಗೆ ಜನಸಾಗರವೇ ಸೇರುತ್ತದೆ; ಭಕ್ತರು ಒಣಕೊಬ್ಬರಿ ಸುಟ್ಟು ಹರಕೆ ತೀರಿಸುತ್ತಾರೆ. ಸ್ವಾಮಿಗಳು ಈ ಬರದ ನಾಡಿನಲ್ಲಿ ಕೆರೆ ಕಟ್ಟಿಸಿದರೆಂದೂ, ದುಡಿದವರಿಗೆ ದುಡಿದಷ್ಟೇ ಕೂಲಿ ಸಿಗುತ್ತಿತ್ತೆಂದೂ ಜನ ನಂಬುತ್ತಾರೆ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಅವರ ಮಾತು ಇಲ್ಲಿ ಎಲ್ಲರ ಬಾಯಲ್ಲೂ ಇದೆ.

ಚಿತ್ರದುರ್ಗ, ಬಳ್ಳಾರಿ ಕಡೆಯ ಹಳ್ಳಿಗಳು ಇನ್ನೊಂದು ಬಗೆಯ ಸೈನ್ಯವನ್ನೂ ಕಂಡಿವೆ. ಅದು ಬುಟ್ಟಿಯೊಳಗೆ ಮಡಗಿ ಹೊತ್ತೊಯ್ಯಬಹುದಾದ ತೊಗಲುಗೊಂಬೆಗಳ ಸೈನ್ಯ. ಮಳೆ ಹೋದಾಗ, ರೋಗರುಜಿನ ಕಾಡಿದಾಗ ಊರವರು ಶಿಳ್ಳೇಕ್ಯಾತರನ್ನು ಕರೆಸಿ ಆಟ ಆಡಿಸುವ ರೂಢಿಯಿತ್ತು. ಮನೆಯಲ್ಲಿ ಮರಾಠಿಯ ಒಂದು ಬಗೆಯನ್ನು ಆಡುವ ಈ ಜನ ಪರದೆಯ ಹಿಂದೆ ಕುಳಿತರೆ ರಾಮ, ರಾವಣ ಇಬ್ಬರೂ ಕನ್ನಡದಲ್ಲೇ ಗುಡುಗುತ್ತಾರೆ. ನಡುನಡುವೆ ಕಿಳ್ಳೇಕ್ಯಾತ, ಬಂಗಾರಕ್ಕ ಬಂದು ನಗಿಸುತ್ತಾರೆ.

ಈ ಸೇನೆಯಲ್ಲಿ ಅಂತಸ್ತಿಗೆ ತಕ್ಕ ಎತ್ತರ. ದೇವರು, ಅರಸರು ದೊಡ್ಡವರು. ಸೇವಕರು, ಸಾಮಾನ್ಯರು ಚಿಕ್ಕವರು. ರಥ, ಕುದುರೆ, ಸಾರಥಿ ಎಲ್ಲವನ್ನೂ ಒಂದೇ ತೊಗಲಿನಲ್ಲಿ ಕೊರೆದ ಗೊಂಬೆಗಳೂ ಉಂಟು. ಆಡಿನ ಚರ್ಮವನ್ನು ನೆನೆಹಾಕಿ, ಕೂದಲು ಹೆರೆದು, ಬಿಗಿದು ಒಣಗಿಸಿ, ಉಳಿಯಿಂದ ತೂತು ಹೊಡೆದು ಒಡವೆ, ಉಡುಪು ಮೂಡಿಸುತ್ತಾರೆ. ಸೀಳಿದ ಬಿದಿರುಕಡ್ಡಿಯೇ ಬೆನ್ನೆಲುಬು. ಆಟ ಮುಗಿದ ಮೇಲೆ ದೇವತೆಗಳನ್ನೂ ರಾಕ್ಷಸರನ್ನೂ ಬೇರೆಬೇರೆಯಾಗಿಯೇ ಇಡಬೇಕೆಂಬುದು ಕಲಾವಿದರ ಕಟ್ಟಳೆ.

ಹೊಸ ಗೊಂಬೆಗೆ ದಿನಗಟ್ಟಲೆ ದುಡಿಮೆ ಬೇಕು. ಹೀಗಾಗಿ ಸೇನೆ ಬಲಗೊಳ್ಳಬೇಕಾದರೆ ಸುಲಭದ ದಾರಿ ಹಳೆಯ ಗೊಂಬೆಗೆ ಜೀವ ತುಂಬುವುದು. ವರ್ಷಗಟ್ಟಲೆ ಎಣ್ಣೆದೀಪದ ಹೊಗೆ ಕುಡಿದ ಗೊಂಬೆ ಕಪ್ಪಿಟ್ಟಿರುತ್ತದೆ, ಅಂಚು ಮುರುಟಿರುತ್ತದೆ. ಮಸಿ ಒರೆಸಿ, ಭಾರದಡಿ ಇಟ್ಟು ಚಪ್ಪಟೆ ಮಾಡಿ, ಹರಿದಲ್ಲಿ ತೇಪೆ ಹೊಲಿದು, ಸಡಿಲವಾದ ಕೀಲಿಗೆ ಹೊಸ ದಾರ ಹಾಕಬೇಕು. ಬಣ್ಣದ ಸರದಿ ಬರುವುದು ಕೊನೆಗೆ. ಅದನ್ನು ಎರಡೂ ಮಗ್ಗುಲಿಗೆ, ತೆಳುವಾಗಿ ಹಚ್ಚಬೇಕು. ದಪ್ಪನೆಯ ಎಣ್ಣೆಬಣ್ಣ ಬಳಿದರೆ ಬೆಳಕು ಹಾಯುವುದಿಲ್ಲ. ಹಗಲಲ್ಲಿ ಥಳಥಳಿಸುವ ವೀರ ರಾತ್ರಿ ಪರದೆಯ ಮೇಲೆ ಬರೀ ಕರಿನೆರಳಾಗುತ್ತಾನೆ.

ಇಲ್ಲೊಂದು ಇಕ್ಕಟ್ಟು ಇದೆ. ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಎಂ.ಎಸ್. ನಂಜುಂಡರಾವ್ ನಾಡೆಲ್ಲ ಸುತ್ತಿ ಹಳೆಯ ಗೊಂಬೆಗಳನ್ನು ಸಂಗ್ರಹಿಸಿದರು. ಹಾಗೆ ಮಾಡದಿದ್ದರೆ ಎಷ್ಟೋ ಗೊಂಬೆ ಹುಳು ತಿಂದು ಹೋಗುತ್ತಿದ್ದವು. ಸಂಗ್ರಹಾಲಯದ ಕಣ್ಣಿಗೆ ಹಳೆಯ ಬಣ್ಣವೇ ಸಂಪತ್ತು, ಅದನ್ನು ಮುಟ್ಟಬಾರದು. ಆಡುವವನ ಕಣ್ಣಿಗೆ ಬಣ್ಣ ಮಾಸಿದ ಗೊಂಬೆ ಯುದ್ಧಕ್ಕೆ ಬಾರದ ಸೈನಿಕ. ಆಟವಿಲ್ಲದ ಮನೆಯಲ್ಲಿ ಗೊಂಬೆ ಮಾರಿ ಹೊಟ್ಟೆ ಹೊರೆಯಬೇಕಾದಾಗ ಸೇನೆ ಒಂದೊಂದಾಗಿ ಕರಗುತ್ತದೆ. ಸೇನೆ ಕರಗಿದ ಮೇಲೆ ಯುದ್ಧಕಾಂಡ ಆಡುವುದಾದರೂ ಹೇಗೆ?

ಉತ್ತರ ಕೊಟ್ಟವರೂ ಇದ್ದಾರೆ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು (ನಿಧನ: 2023) ಗಾಂಧೀಜಿಯನ್ನೂ ಪರದೆಗೆ ತಂದು ತೊಗಲ ಲೋಕಕ್ಕೆ ಹೊಸ ಪಾತ್ರ ಕೊಟ್ಟರು. ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಅವರ ವಯಸ್ಸು ತೊಂಬತ್ತು ದಾಟಿತ್ತು. ಗಡಿಯಾಚೆ ಧರ್ಮಾವರದ ಬಳಿಯ ನಿಮ್ಮಲಕುಂಟದಲ್ಲಿ ಗೊಂಬೆಯ ಕೈಗಳೇ ತೊಗಲಿನ ದೀಪದ ಮುಸುಕುಗಳನ್ನೂ ಮಾಡುತ್ತವೆ. ಅಲ್ಲಿನ ದಳವಾಯಿ ಚಲಪತಿ ರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಸಂದಿತು. ದಳವಾಯಿ ಎಂದರೆ ಸೇನಾಪತಿ. ಹೆಸರಿಗೆ ತಕ್ಕ ಕೆಲಸ!

ನಾಯಕನಹಟ್ಟಿಗೆ ಬಂದವರು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೂ ಹೋಗಿಬರಬಹುದು. ಅಲ್ಲಿನ ಅಶೋಕನ ಬಂಡೆಶಾಸನದ ಕೊನೆಯಲ್ಲಿ ಅದನ್ನು ಬರೆದ ಲಿಪಿಕಾರ ಚಪಡನ ಹೆಸರಿದೆ. ಎರಡು ಸಾವಿರ ವರ್ಷ ಮೀರಿದರೂ ಅವನ ಹೆಸರು ಅಳಿದಿಲ್ಲ. ಗೊಂಬೆಗೆ ಬಣ್ಣ ಹಚ್ಚಿದವರು ಮಾತ್ರ ಹೆಸರು ಬರೆದವರಲ್ಲ.

ಮಕ್ಕಳು ಮನೆಯಲ್ಲೂ ಇದನ್ನು ಮಾಡಿ ನೋಡಬಹುದು. ದಪ್ಪ ಕಾಗದದಲ್ಲಿ ವೀರನೊಬ್ಬನನ್ನು ಕತ್ತರಿಸಿ, ಸೂಜಿಯಿಂದ ಒಡವೆ ಚುಚ್ಚಿ, ಎರಡೂ ಕಡೆ ನೀರುಬಣ್ಣ ಹಚ್ಚಿ, ಕಾಗದಕ್ಕೆ ತುಸು ಎಣ್ಣೆ ಸವರಿದರೆ ಬೆಳಕು ಹಾಯುತ್ತದೆ. ಬಿಳಿ ಪಂಚೆ, ಒಂದು ಬಲ್ಬು ಇದ್ದರೆ ರಂಗ ಸಿದ್ಧ. ಅದಕ್ಕಿಂತ ಮಿಗಿಲಾಗಿ, ಶಾಲೆಯ ವಾರ್ಷಿಕೋತ್ಸವಕ್ಕೆ ಒಂದು ಮೇಳವನ್ನು ಕರೆಸಿ ತಕ್ಕ ಸಂಭಾವನೆ ಕೊಟ್ಟರೆ ಒಂದು ಸೇನೆ ಇನ್ನೊಂದು ವರ್ಷ ಉಳಿದೀತು. ನಾಯಕನಹಟ್ಟಿಯ ಸ್ವಾಮಿಗಳ ಮಾತು ಇವರಿಗೂ ಸಲ್ಲಬೇಕು: ಮಾಡಿದಷ್ಟು ನೀಡು ಭಿಕ್ಷೆ.