ಜಾಂಬೋಟಿಯ ದಾರಿಯಲ್ಲಿ ಎರಡು ಕಡಲು

ಅಮೆರಿಕದ ಡೆನ್ವರ್ ನಗರದಲ್ಲಿ ಮಗನೋ ಮಗಳೋ ಇರುವ ತಂದೆತಾಯಿಗಳು ಅಲ್ಲಿಗೆ ಹೋದಾಗ, ಶನಿವಾರ-ಭಾನುವಾರದ ಬಿಡುವಿನಲ್ಲಿ ನೋಡಿಬರುವ ಜಾಗಗಳಲ್ಲಿ ರಾಕಿ ಪರ್ವತಗಳ ಮಿಲ್ನರ್ ಪಾಸ್ ಕೂಡ ಸೇರಿರುತ್ತದೆ. ಹತ್ತು ಸಾವಿರ ಅಡಿಗೂ ಮೀರಿದ ಎತ್ತರದ ಘಟ್ಟದಾರಿ ಅದು. ಅಲ್ಲೊಂದು ಫಲಕ ನಿಲ್ಲಿಸಿದ್ದಾರೆ. ಅದರ ಒಂದು ಬದಿಗೆ ಬಿದ್ದ ಮಳೆ ಅಟ್ಲಾಂಟಿಕ್ ಸಾಗರಕ್ಕೆ, ಇನ್ನೊಂದು ಬದಿಗೆ ಬಿದ್ದದ್ದು ಪೆಸಿಫಿಕ್ ಸಾಗರಕ್ಕೆ ಎಂದು ತಿಳಿಸುವ ಫಲಕ. ಬಂದವರು ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಫೋಟೊ ಬೆಳಗಾವಿಗೂ ಹುಬ್ಬಳ್ಳಿಗೂ ಬರುತ್ತದೆ. ಮನೆಮಂದಿಯೆಲ್ಲ ನೋಡಿ ಬೆರಗಾಗುತ್ತಾರೆ.

ಬೆರಗಾಗಲು ಅಷ್ಟು ದೂರ ಹೋಗಬೇಕಾಗಿಲ್ಲ. ನೀರು ಎರಡು ಕಡಲುಗಳಿಗೆ ಪಾಲಾಗುವ ಅಂಥದೇ ನೆಲ ಬೆಳಗಾವಿಯ ನೈಋತ್ಯಕ್ಕೆ, ಖಾನಾಪುರ ತಾಲ್ಲೂಕಿನ ಜಾಂಬೋಟಿಯ ಕಾಡುಗಳಲ್ಲಿದೆ. ಶನಿವಾರ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟರೆ ಭಾನುವಾರ ಸಂಜೆಯೊಳಗೆ ಮನೆ ಸೇರಬಹುದು. ಒಂಬತ್ತನೆಯ, ಹತ್ತನೆಯ ತರಗತಿಯ ಮಕ್ಕಳಿರುವ ಮನೆಯವರಿಗಂತೂ ಇದು ಹೇಳಿ ಮಾಡಿಸಿದ ಪ್ರವಾಸ. ಭೂಗೋಳದ ಪಾಠದಲ್ಲಿ 'ಪೂರ್ವಕ್ಕೆ ಹರಿಯುವ ನದಿಗಳು', 'ಪಶ್ಚಿಮಕ್ಕೆ ಹರಿಯುವ ನದಿಗಳು' ಎಂದು ಎರಡು ಪಟ್ಟಿ ಬಾಯಿಪಾಠ ಮಾಡುವ ಮಕ್ಕಳು, ಆ ಎರಡು ಪಟ್ಟಿಗಳ ನಡುವಿನ ಗೆರೆಯನ್ನು ಕಾಲಿನಿಂದ ದಾಟಿ ಬರಬಹುದಲ್ಲ!

ಬೆಳಗಾವಿಯ ಟಿಳಕವಾಡಿ ದಾಟಿ, ಪೀರನವಾಡಿ, ಕಿಣಯೆ ಹಿಂದೆ ಬಿದ್ದರೆ ದಾರಿಯ ಬಣ್ಣವೇ ಬದಲಾಗುತ್ತದೆ. ಭತ್ತದ ಗದ್ದೆಗಳು ಕಿರಿದಾಗುತ್ತ ಹೋಗಿ, ಗುಡ್ಡಗಳು ಹತ್ತಿರ ಬಂದು, ಮರಗಳು ರಸ್ತೆಯ ಮೇಲೆ ಬಾಗತೊಡಗುತ್ತವೆ. ಜಾಂಬೋಟಿ ದೊಡ್ಡ ಊರೇನಲ್ಲ. ಖಾನಾಪುರದ ಕಡೆಯಿಂದ ಬರುವ ರಸ್ತೆ ಇಲ್ಲಿ ಬೆಳಗಾವಿ ರಸ್ತೆಯನ್ನು ಕೂಡಿಕೊಳ್ಳುತ್ತದೆ. ಮುಂದೆ ಕಣಕುಂಬಿ, ಚೋರ್ಲಾ ಘಟ್ಟದ ಮೂಲಕ ಗೋವಾಕ್ಕೆ ದಾರಿ. ವಾರದ ಕೊನೆಯಲ್ಲಿ ಈ ದಾರಿಯಲ್ಲಿ ಕಾರುಗಳ ಸಾಲು. ಬಹುಪಾಲು ಪ್ರವಾಸಿಗರು ಜಾಂಬೋಟಿಯಲ್ಲಿ ಚಹಾಕ್ಕೆ ನಿಲ್ಲುತ್ತಾರೆ, ಅಷ್ಟೆ. ಅವರ ಮನಸ್ಸಾಗಲೇ ಗೋವಾದ ಕಡಲ ದಂಡೆ ಮುಟ್ಟಿರುತ್ತದೆ. ಇಲ್ಲಿ ಕನ್ನಡದಲ್ಲಿ ದಾರಿ ಕೇಳಿದರೆ ಮರಾಠಿಯಲ್ಲಿ ಉತ್ತರ ಬರಬಹುದು, ಮರಾಠಿಯಲ್ಲಿ ಕೇಳಿದರೆ ಕೊಂಕಣಿ ಬೆರೆತ ಉತ್ತರ. ಆದರೂ ದಾರಿ ತಪ್ಪುವುದಿಲ್ಲ.

ಜಾಂಬೋಟಿಯಿಂದ ಪಶ್ಚಿಮಕ್ಕೆ 16 ಕಿ.ಮೀ. ಹೋದರೆ ಕಣಕುಂಬಿ. ಸಮುದ್ರಮಟ್ಟದಿಂದ 792 ಮೀಟರ್ ಎತ್ತರದ ಈ ಪುಟ್ಟ ಹಳ್ಳಿ, ಬೆಳಗಾವಿ ಜಿಲ್ಲೆಯಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲೊಂದು. ಮಾವುಲಿ ದೇವಿಯ ಗುಡಿಯ ಬಳಿ ಮಲಪ್ರಭೆಯ ಉಗಮವೆಂದು ಪೂಜೆಗೊಳ್ಳುವ ತೀರ್ಥವಿದೆ. ದೊಡ್ಡ ನದಿಯ ಹುಟ್ಟೆಂದರೆ ಭೋರ್ಗರೆತ ಇದ್ದೀತು ಎಂದುಕೊಂಡು ಬಂದ ಮಕ್ಕಳಿಗೆ ಮೊದಲ ನೋಟಕ್ಕೆ ನಿರಾಸೆಯೇ. ಕಲ್ಲುಕಟ್ಟೆಯ ನಡುವೆ ನಿಂತ ನೀರು, ಅದರಾಚೆ ಒಂದು ಹಳ್ಳ. "ಇಷ್ಟೇನಾ?" ಎಂದು ಕೇಳಿಯೇ ಕೇಳುತ್ತಾರೆ.

ಇಷ್ಟೇ. ಆದರೆ ಈ ಹಳ್ಳ ಇಲ್ಲಿಂದ ಹೊರಟು 304 ಕಿ.ಮೀ. ಹರಿಯುತ್ತದೆ. ಹಳಬರು ಮಲಾಪಹಾರಿ ಎಂದು ಕರೆಯುತ್ತಿದ್ದ ಈ ಹೊಳೆ ಜಾಂಬೋಟಿಯ ಬಳಿ ಹಬ್ಬನಹಟ್ಟಿಯ ಮಾರುತಿಯ ಪಾದ ತೊಳೆದು (ಮಳೆಗಾಲದಲ್ಲಿ ಪಾದವಷ್ಟೇ ಅಲ್ಲ, ಗುಡಿಯನ್ನೇ ಮುಳುಗಿಸುತ್ತದೆ), ಖಾನಾಪುರ ದಾಟಿ, ಎಂ.ಕೆ. ಹುಬ್ಬಳ್ಳಿಯ ಪಕ್ಕದಲ್ಲಿ ಹಾದು, ಸವದತ್ತಿ ಸಮೀಪದ ನವಿಲುತೀರ್ಥದಲ್ಲಿ ಅಣೆಕಟ್ಟಿಗೆ ಸಿಕ್ಕಿ ರೇಣುಕಾಸಾಗರವಾಗುತ್ತದೆ. ಹುಬ್ಬಳ್ಳಿ-ಧಾರವಾಡದ ನಲ್ಲಿಗಳಲ್ಲಿ ಬರುವುದು ಈ ನೀರು. ಅಲ್ಲಿಂದ ಮುಂದೆ ರಾಮದುರ್ಗದ ಬಿಸಿಲು ನೆಲ, ಚಾಲುಕ್ಯರು ಪಟ್ಟ ಕಟ್ಟಿಸಿಕೊಂಡ ಪಟ್ಟದಕಲ್ಲು, ಐಹೊಳೆ; ಕೊನೆಗೆ ಕೂಡಲಸಂಗಮದಲ್ಲಿ ಕೃಷ್ಣೆಯ ಮಡಿಲು. ಕೃಷ್ಣೆಯೊಡನೆ ಬಂಗಾಳ ಕೊಲ್ಲಿ.

ಇನ್ನು ಕಣಕುಂಬಿಯಲ್ಲೇ, ಕೆಲವು ಹೆಜ್ಜೆ ಆಚೆ, ಇನ್ನೊಂದು ಹಳ್ಳವಿದೆ. ಅದರ ಹೆಸರು ಕಳಸಾ. ನೋಡಲು ಮಲಪ್ರಭೆಯ ತಂಗಿಯಂತೆಯೇ ಇದೆ. ಆದರೆ ಇದು ಮುಖ ತಿರುಗಿಸಿರುವುದು ಪಶ್ಚಿಮಕ್ಕೆ. ಕಾಡಿನ ಕಣಿವೆಗಳಲ್ಲಿ ಇಳಿದು ಮಹದಾಯಿಯನ್ನು ಸೇರುತ್ತದೆ. ಮಹದಾಯಿ ಹುಟ್ಟುವುದೂ ಇದೇ ತಾಲ್ಲೂಕಿನ ದೇಗಾಂವ ಬಳಿ. ಗೋವಾದೊಳಗೆ ಅದರ ಹೆಸರು ಮಾಂಡೋವಿ, ಪಣಜಿಯಲ್ಲಿ ಅದು ಅರಬ್ಬೀ ಸಮುದ್ರವನ್ನು ಕೂಡುತ್ತದೆ. ಒಂದೇ ಮೋಡದಿಂದ, ಒಂದೇ ಊರಿನ ಮೇಲೆ ಬಿದ್ದ ಎರಡು ಹನಿಗಳಲ್ಲಿ ಒಂದಕ್ಕೆ ಕಡಲು ಸೇರಲು ದಕ್ಷಿಣ ಭಾರತದ ಅಗಲವನ್ನೇ ದಾಟುವ ಪಯಣ, ಇನ್ನೊಂದಕ್ಕೆ ಕೂಗಳತೆಯ ದಾರಿ. ಇದನ್ನು ಇಲ್ಲಿ ಬರಿಗಣ್ಣಿನಲ್ಲಿ ನೋಡಬಹುದು.

ಮಕ್ಕಳು ಇಷ್ಟು ತಿಳಿದ ಮೇಲೆ ಒಂದು ಪ್ರಶ್ನೆ ತಾನಾಗಿಯೇ ಹುಟ್ಟುತ್ತದೆ. ಪಶ್ಚಿಮದ ಹಳ್ಳದ ನೀರನ್ನು ತುಸು ಪೂರ್ವಕ್ಕೆ ತಿರುಗಿಸಿದರೆ? ದೊಡ್ಡವರು ಇದನ್ನು ದಶಕಗಳಿಂದ ಕೇಳುತ್ತಲೇ ಇದ್ದಾರೆ. ಕಳಸಾ-ಬಂಡೂರಿ ಎಂಬ ಹೆಸರು ಪತ್ರಿಕೆ ಓದುವ ಪ್ರತಿ ಮನೆಗೂ ಗೊತ್ತು. ಕಣಕುಂಬಿಯ ಬಳಿ ನೆಲ ಅಗೆದು ತೆಗೆದ ಕಾಲುವೆ ಆ ಪ್ರಶ್ನೆಯದೇ ಗುರುತು. ರೇಣುಕಾಸಾಗರ ತುಂಬದ ವರ್ಷಗಳಲ್ಲಿ ನರಗುಂದ, ನವಲಗುಂದದ ಕಪ್ಪು ನೆಲ ಬಿರುಕು ಬಿಡುತ್ತದೆ. ಮಲಪ್ರಭಾ ಅಚ್ಚುಕಟ್ಟಿನ ರೈತರು ಕರ ಹೇರಿಕೆಯ ವಿರುದ್ಧ ಸಿಡಿದೆದ್ದು ಗೋಲಿಬಾರು ಕಂಡದ್ದು 1980ರ ಜುಲೈನಲ್ಲಿ. ಮಹದಾಯಿ ನೀರಿಗಾಗಿ ನರಗುಂದದಲ್ಲಿ ಧರಣಿ ಆರಂಭವಾದದ್ದು 2015ರ ಜುಲೈನಲ್ಲಿ. ಅತ್ತ ಗೋವಾದವರ ಮಾತು ಬೇರೆ: ಮಾಂಡೋವಿ ಸೊರಗಿದರೆ ಸಮುದ್ರದ ಉಪ್ಪುನೀರು ಮೇಲಕ್ಕೆ ಏರುತ್ತದೆ, ಕಾಡು ಒಣಗುತ್ತದೆ ಎಂಬ ಭಯ ಅವರದು. 2010ರಲ್ಲಿ ರಚನೆಯಾದ ನ್ಯಾಯಮಂಡಳಿ 2018ರ ಆಗಸ್ಟ್ 14ರಂದು ತೀರ್ಪು ಕೊಟ್ಟಿತು. ಕರ್ನಾಟಕಕ್ಕೆ ಒಟ್ಟು 13.42 ಟಿ.ಎಂ.ಸಿ.; ಅದರಲ್ಲಿ ಕಳಸಾ, ಬಂಡೂರಿ ಹಳ್ಳಗಳಿಂದ ಮಲಪ್ರಭೆಗೆ ತಿರುಗಿಸಿಕೊಳ್ಳಲು 3.9 ಟಿ.ಎಂ.ಸಿ. ಕೇಂದ್ರ ಸರ್ಕಾರ ಅದನ್ನು ರಾಜ್ಯಪತ್ರದಲ್ಲಿ ಪ್ರಕಟಿಸಿದ್ದು 2020ರ ಫೆಬ್ರುವರಿಯಲ್ಲಿ. ತೀರ್ಪು ಬಂದ ಮೇಲೂ ವ್ಯಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು.

ನವಿಲುತೀರ್ಥದ ಜಲಾಶಯದ ಸಾಮರ್ಥ್ಯ 37 ಟಿ.ಎಂ.ಸಿ.ಗೂ ಹೆಚ್ಚು. ಅದರ ಪಕ್ಕ 3.9 ಎಂಬ ಅಂಕಿಯನ್ನಿಟ್ಟು ನೋಡಿದರೆ ಜಗಳದ ಗಾತ್ರ, ನೀರಿನ ಗಾತ್ರ ಎರಡೂ ಮಕ್ಕಳಿಗೆ ಅರ್ಥವಾದೀತು. ಯಾರು ಸರಿ ಎಂಬುದನ್ನು ಕಣಕುಂಬಿಯ ಕಟ್ಟೆಯ ಮೇಲೆ ಕುಳಿತು ತೀರ್ಮಾನಿಸಬೇಕಾಗಿಲ್ಲ. ಟಿ.ವಿ.ಯಲ್ಲಿ ಕೂಗಾಡಿದ್ದನ್ನಷ್ಟೇ ಕೇಳಿದ ಹುಡುಗ, ಆ ನೀರನ್ನು ಒಮ್ಮೆ ಬೊಗಸೆಯಲ್ಲಿ ಹಿಡಿದು ನೋಡಿ ಬಂದರೆ ಅವನ ಮಾತಿಗೆ ಒಂದಿಷ್ಟು ತೂಕವಾದರೂ ಬರುತ್ತದೆ.

ಜಾಂಬೋಟಿಗೆ ಬಂದವರಲ್ಲಿ ಹಲವರ ಬಾಯಲ್ಲಿರುವ ಹೆಸರು ವಜ್ರಪೋಹ. ಗವಳಿ, ಚಾಪೋಲಿ ಹಳ್ಳಿಗಳ ನಡುವಿನ ಕಾಡಿನಲ್ಲಿ ಮಹದಾಯಿ ಬಂಡೆಗಳ ಮೇಲಿಂದ ಹಾರುವ ಜಲಪಾತವಿದು. ಚಿತ್ರದಲ್ಲಿ ನೋಡಿದವರಿಗೆ ತಕ್ಷಣ ಹೋಗಬೇಕೆನಿಸುವುದು ಸಹಜ. ಇಲ್ಲಿ ಪಾಲಕರಿಗೆ ಒಂದು ಮಾತು ಹೇಳಲೇಬೇಕು. ಇದು ಕಾಯ್ದಿಟ್ಟ ಕಾಡು; ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಗೆ ಕಾಲಿಡುವಂತಿಲ್ಲ. ಮಳೆಗಾಲದಲ್ಲಿ ಇಲಾಖೆ ಖಾನಾಪುರದ ಜಲಪಾತಗಳಿಗೆ ಪ್ರವೇಶವನ್ನೇ ನಿಷೇಧಿಸುವುದುಂಟು. 'ಯಾರಿಗೂ ಗೊತ್ತಾಗುವುದಿಲ್ಲ, ಕಾಲುದಾರಿ ತೋರಿಸುತ್ತೇವೆ' ಎನ್ನುವವರು ಸಿಕ್ಕಾರು. ಅವರ ಹಿಂದೆ ಹೋಗುವುದು ಬೇಡ. 2022ರ ನವೆಂಬರಿನಲ್ಲಿ ಬೆಳಗಾವಿಯಿಂದ, ಗಡಿಯಾಚೆ ಮಹಾರಾಷ್ಟ್ರದ ಕಿತವಾಡ ಜಲಪಾತಕ್ಕೆ ಹೋದ ವಿದ್ಯಾರ್ಥಿನಿಯರಲ್ಲಿ ನಾಲ್ವರು ನೀರುಪಾಲಾದರು. ಒಂದು ದಿನದ ವಿಹಾರಕ್ಕೆಂದು ನಗುನಗುತ್ತ ಮನೆಯಿಂದ ಹೊರಟ ಮಕ್ಕಳು ಅವರು. ಪಾಚಿಗಟ್ಟಿದ ಬಂಡೆಗೆ ಯಾರ ವಯಸ್ಸೂ ತಿಳಿಯದು. ಮೇಲಿನ ಗುಡ್ಡದಲ್ಲಿ ಬಿದ್ದ ಮಳೆ ಕೆಳಗಿನವರಿಗೆ ಹೇಳಿ ಬರುವುದಿಲ್ಲ. ಜಲಪಾತ ನೋಡಲಾಗದಿದ್ದರೆ ಪ್ರವಾಸ ವ್ಯರ್ಥ ಎನ್ನುವವರು ಈ ದಾರಿಗೆ ಬಾರದಿರುವುದೇ ಲೇಸು.

ಜಾಂಬೋಟಿ, ಕಣಕುಂಬಿಗಳ ದಕ್ಷಿಣಕ್ಕೆ ಹಬ್ಬಿರುವ ಕಾಡಿನ ಹೆಸರು ಭೀಮಗಡ. ಇಲ್ಲಿನ ಬೆಟ್ಟದ ನೆತ್ತಿಯ ಮೇಲೆ ಶಿವಾಜಿಯ ಕಾಲದ ಕೋಟೆಯಿದ್ದು, ಅದರ ಹೆಸರೇ ಕಾಡಿಗೂ ಬಂದಿದೆ. 2011ರ ಡಿಸೆಂಬರಿನಲ್ಲಿ 190 ಚದರ ಕಿ.ಮೀ. ಪ್ರದೇಶವನ್ನು ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಹುಲಿ, ಕಾಟಿ, ಕರಡಿಗಳ ಈ ನೆಲೆಯ ನಿಜವಾದ ವಿಶೇಷವೆಂದರೆ ಒಂದು ಬಾವಲಿ. ಕೃಷ್ಣಾಪುರ ಮತ್ತು ತಳೇವಾಡಿ ನಡುವಿನ ಬಾರಾಪೇಡೆ ಗುಹೆಗಳಲ್ಲಿ ಸಿಕ್ಕ ಈ ಬಾವಲಿಯನ್ನು 1913ರಲ್ಲಿ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಓಲ್ಡ್‌ಫೀಲ್ಡ್ ಥಾಮಸ್ ವಿಜ್ಞಾನ ಲೋಕಕ್ಕೆ ಪರಿಚಯಿಸಿದ. ಅರಣ್ಯಾಧಿಕಾರಿಯಾಗಿದ್ದ ರಾಟನ್ ಎಂಬಾತನ ಹೆಸರು ಅದಕ್ಕೆ ಬಂತು. ಬಳಿಕ ಹಲವು ದಶಕಗಳ ಕಾಲ ಜಗತ್ತಿನಲ್ಲಿ ಬೇರೆಲ್ಲೂ ಈ ಬಾವಲಿ ಕಂಡಿರಲಿಲ್ಲ. ಕಾಂಬೋಡಿಯದಲ್ಲಿ, ನಮ್ಮ ಮೇಘಾಲಯದಲ್ಲಿ ಅದು ಸಿಕ್ಕಿದ್ದು ತೀರ ಈಚೆಗೆ. ಗುಹೆಯನ್ನು ನೋಡಲು ಹೋಗಿ ಅವುಗಳ ನಿದ್ದೆ ಕೆಡಿಸುವುದು ಬೇಡ. ರಸ್ತೆಯ ಬದಿಯಲ್ಲಿ ನಿಂತು ಆ ಬೆಟ್ಟಸಾಲಿನತ್ತ ಕೈ ತೋರಿಸಿ ಇಷ್ಟು ಹೇಳಿದರೆ ವಿಜ್ಞಾನದ ಮೇಲೆ ಒಲವಿರುವ ಮಗುವಿಗೆ ಸಾಕು.

ರಾತ್ರಿ ಖಾನಾಪುರಕ್ಕೋ ಬೆಳಗಾವಿಗೋ ಮರಳಿ ತಂಗಬಹುದು. ಭಾನುವಾರದ ದಾರಿ ಖಾನಾಪುರದ ಮೂಲಕ. ಕುಂಬಾರಿಕೆಗೆ, ಹೆಂಚಿಗೆ ಹೆಸರಾದ ಊರು ಇದು. ಸಮೀಪದ ಅಸೋಗಾದಲ್ಲಿ ರಾಮಲಿಂಗೇಶ್ವರನ ಗುಡಿಯ ಪಕ್ಕ ಮಲಪ್ರಭೆ ಮತ್ತೆ ಸಿಗುತ್ತಾಳೆ. ನಿನ್ನೆ ದಾಟಿ ಹೋಗಬಹುದಾಗಿದ್ದ ಹಳ್ಳ ಇಂದು ಕಲ್ಲುಬಂಡೆಗಳ ನಡುವೆ ಹರಿಯುವ ಹೊಳೆ. ಮಕ್ಕಳು ಇದನ್ನು ತಾವಾಗಿಯೇ ಗಮನಿಸುತ್ತಾರೆ, ಹೇಳಿಕೊಡಬೇಕಾಗಿಲ್ಲ.

ಅಲ್ಲಿಂದ ನಂದಗಡ. ಸಂಗೊಳ್ಳಿ ರಾಯಣ್ಣನನ್ನು ಬ್ರಿಟಿಷರು ಗಲ್ಲಿಗೇರಿಸಿದ್ದು ಇಲ್ಲಿ, 1831ರ ಜನವರಿ 26ರಂದು. ಆ ತಾರೀಖು ಮುಂದೆ ಗಣರಾಜ್ಯೋತ್ಸವದ ದಿನವಾಗಲಿದೆ ಎಂದು ಆಗ ಯಾರಿಗೆ ಗೊತ್ತಿತ್ತು? ಸಮಾಧಿಯ ಬಳಿಯ ಆಲದ ಮರಕ್ಕೆ ಹೆಣ್ಣುಮಕ್ಕಳು ಪುಟ್ಟ ತೊಟ್ಟಿಲುಗಳನ್ನು ಕಟ್ಟಿ ಹರಕೆ ಹೊರುತ್ತಾರೆ. ಅವರಿಗೆ ಬೇಕಾದದ್ದು ರಾಯಣ್ಣನಂಥ ಮಗ. ಪಾಠಪುಸ್ತಕದ ಚಿತ್ರದಲ್ಲಿ ಕತ್ತಿ ಹಿಡಿದು ನಿಂತವನು ಇಲ್ಲಿ ಮನೆಯ ದೇವರಂತಾಗಿದ್ದಾನೆ.

ಹಲಸಿಗೆ ಮಾತ್ರ ಸಾವಕಾಶವಾಗಿ ಸಮಯ ಇಟ್ಟುಕೊಳ್ಳಬೇಕು. ಖಾನಾಪುರದಿಂದ ಸುಮಾರು 14 ಕಿ.ಮೀ. ಬನವಾಸಿ ಕದಂಬರ ಎರಡನೆಯ ರಾಜಧಾನಿ ಪಲಾಸಿಕಾ ಇದೇ. ಆ ಮೇಲೆ ಗೋವಾ ಕದಂಬರಿಗೂ ಇದು ರಾಜಧಾನಿಯಾಯಿತು. ಭೂವರಾಹ ನರಸಿಂಹ ದೇವಾಲಯದಲ್ಲಿ ಎರಡು ಗರ್ಭಗುಡಿಗಳು ಒಂದಕ್ಕೊಂದು ಎದುರಾಗಿ ನಿಂತಿವೆ. ನಡುವಿನ ಸಭಾಮಂಟಪದಲ್ಲಿ ನಿಂತರೆ ಒಂದು ಕಡೆ ನರಸಿಂಹ, ಇನ್ನೊಂದು ಕಡೆ ವರಾಹ. ಬನವಾಸಿಯಿಂದ ಬಂದವರೂ, ಮುಂದೆ ಗೋವಾದಲ್ಲಿ ಕುಳಿತು ಆಳಿದವರೂ ಈ ಘಟ್ಟದಂಚಿನ ಊರನ್ನೇ ಹಿಡಿದದ್ದೇಕೆ ಎಂದು ಯೋಚಿಸುವವರಿಗೆ ನಿನ್ನೆಯ ದಾರಿ ನೆನಪಾಗಬೇಕು. ಬಯಲು ಸೀಮೆಗೂ ಕರಾವಳಿಗೂ ಇಲ್ಲಿಂದ ಇಳಿಯಬಹುದು. ಎರಡೂ ಕಡೆಯ ಮೇಲೆ ಕಣ್ಣಿಡಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಈ ಪ್ರವಾಸಕ್ಕೆ ಅಕ್ಟೋಬರಿನಿಂದ ಜನವರಿಯವರೆಗಿನ ಕಾಲ ಹಿತ. ಹಳ್ಳಗಳಲ್ಲಿ ನೀರಿರುತ್ತದೆ, ಜಿಗಣೆಯ ಕಾಟ ಕಡಿಮೆ. ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿಗೆ ಬಸ್ಸುಗಳಿವೆ. ಮರಳುವ ಬಸ್ಸಿನ ವೇಳೆಯನ್ನು ಇಳಿಯುವಾಗಲೇ ನಿರ್ವಾಹಕರನ್ನು ಕೇಳಿಟ್ಟುಕೊಳ್ಳುವುದು ಜಾಣತನ. ಖಾನಾಪುರಕ್ಕೆ ರೈಲೂ ಉಂಟು. ಕಾಡಿನ ಅಂಚಿನಲ್ಲಿ ಹೋಟೆಲುಗಳನ್ನು ನಂಬುವುದಕ್ಕಿಂತ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಕಟ್ಟಿಕೊಂಡು ಹೋಗುವುದು ಮೇಲು. ಬುತ್ತಿ ಕಟ್ಟಿದ ಪ್ಲಾಸ್ಟಿಕ್ ಚೀಲಗಳನ್ನು ಅಲ್ಲಿ ಎಸೆಯದೆ ಮರಳಿ ತರಬೇಕು. ಕಣಕುಂಬಿಯ ಹಳ್ಳಕ್ಕೆ ಎಸೆದದ್ದು ಹುಬ್ಬಳ್ಳಿಯವರು ಕುಡಿಯುವ ನೀರಿನ ದಾರಿಯಲ್ಲಿರುತ್ತದೆ, ಕಳಸಾಕ್ಕೆ ಎಸೆದದ್ದು ಪಣಜಿಯ ದಾರಿಯಲ್ಲಿ. ಬೆಳಗಾವಿ ತಲುಪಿದ ಮೇಲೆ ಕುಂದಾ ಕೊಳ್ಳುವುದಕ್ಕೆ ಒಂದರ್ಧ ಗಂಟೆ ಉಳಿಸಿಕೊಂಡಿದ್ದರೆ ಆಯಿತು.