ನೆಲಕ್ಕೆ ಬಿದ್ದ ಏಟು

ಗುರುವಾರ, ಪ್ರಾಥಮಿಕ ಆರೋಗ್ಯ ಕೇಂದ್ರ. ಐದು ವರ್ಷದ ಹುಡುಗನಿಗೆ ಡಿಪಿಟಿ ಬೂಸ್ಟರ್. "ಏನೂ ಆಗಲ್ಲ ಮಗಾ, ಇರುವೆ ಕಚ್ಚಿದ ಹಾಗಿರುತ್ತೆ ಅಷ್ಟೆ," ಎಂದರು ಅಜ್ಜಿ. ಸೂಜಿ ಚುಚ್ಚಿದ್ದೇ ಹುಡುಗ ಚೀರಿದ. ಚೀರುತ್ತಾ ದುರುಗುಟ್ಟಿ ನೋಡಿದ್ದು ಸಿಸ್ಟರನ್ನಲ್ಲ, ಅಜ್ಜಿಯನ್ನು.

"ಏನಿಲ್ಲ, ಏನಿಲ್ಲ" ಎಂದಷ್ಟೂ ಮಕ್ಕಳ ಗಾಬರಿ ಏರುವುದುಂಟು, ಬೇರೇನೋ ಮಾತು ತೆಗೆದರೆ ಇಳಿಯುತ್ತದೆ ಎನ್ನುತ್ತಾರೆ ಇದನ್ನು ಅಧ್ಯಯನ ಮಾಡಿದವರು. ಹಾಗಾದರೆ ನಾವು ಸಮಾಧಾನ ಮಾಡುತ್ತಿರುವುದು ಯಾರನ್ನು?

ಮಗು ಎಡವಿ ಬಿದ್ದರೆ ನಮ್ಮಲ್ಲಿ ಏಟು ತಿನ್ನುವುದು ನೆಲ. "ನನ್ ಕಂದನ್ನ ಬೀಳಿಸ್ತೀಯಾ? ತಗೋ!" ಎಂದು ಗ್ರಾನೈಟಿಗೆ ಬಾರಿಸುವ ಅಮ್ಮಂದಿರ ಅಂಗೈ ಉರಿಯುವುದಿಲ್ಲವೇ? ಆದರೂ ಇದು ಇರುವೆಯ ಮಾತಿಗಿಂತ ವಾಸಿ ಅನ್ನಿಸುತ್ತದೆ. ನೋವಾಗಿದೆ ಅಂತಲಾದರೂ ಒಪ್ಪಿಕೊಂಡಂತಾಯಿತು.

ದೊಡ್ಡ ಆಸ್ಪತ್ರೆಗಳೂ ಒಪ್ಪಿಕೊಳ್ಳಲು ತಡಮಾಡಿದವು. ಎಳೆಗೂಸುಗಳಿಗೆ ನೋವು ಅಷ್ಟಾಗಿ ತಿಳಿಯದು ಎಂದುಕೊಂಡು 1980ರ ದಶಕದಲ್ಲೂ ಸಾಕಷ್ಟು ಅರಿವಳಿಕೆ ಕೊಡದೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದುದುಂಟು. ಮಗು ಅಲುಗಾಡದಿರಲು ಮದ್ದು ಕೊಡುತ್ತಿದ್ದರು. ಅಲುಗಾಡದ ಮಗು ದೂರುವುದಾದರೂ ಹೇಗೆ? ಭಾರತೀಯ ಮೂಲದ ವೈದ್ಯ ಕೆ.ಜೆ.ಎಸ್. ಆನಂದ್ ಮತ್ತು ಸಹಲೇಖಕ ಹಿಕ್ಕಿ 1987ರಲ್ಲಿ ಪುರಾವೆಗಳನ್ನು ಒಟ್ಟುಮಾಡಿ ಬರೆದ ಲೇಖನ ಈ ನಂಬಿಕೆಯನ್ನು ಅಲುಗಾಡಿಸಿತು.

ಆಸ್ಪತ್ರೆ ಗೋಡೆಯ ಮೇಲೆ ಆರು ಮುಖಗಳ ಚಿತ್ರ: ನೋವು ಅಳೆಯುವ ವಾಂಗ್-ಬೇಕರ್ ಮಾಪಕ. ಸೊನ್ನೆಗೆ ನಗು, ಹತ್ತಕ್ಕೆ ಕಣ್ಣೀರು. ಕೈಗೆ ಪಟ್ಟಿ ಕಟ್ಟಿಸಿಕೊಂಡ ಪುಟ್ಟಿ ನಗುವ ಮುಖವನ್ನೇ ಮುಟ್ಟಿದಳು. ನೋವಿಲ್ವಾ? "ಇದೆ. ಈ ಮುಖ ಚೆನ್ನಾಗಿದೆ." ನಗುವೂ ಕಣ್ಣೀರೂ ಇಲ್ಲದ ಮುಖಗಳ ಇನ್ನೊಂದು ಮಾಪಕವೂ ಇದೆ. ಅದು ಯಾಕೆ ಬೇಕಾಯಿತೆಂದು ಆಗ ಹೊಳೆಯಿತು.

ಹದಿನಾಲ್ಕರ ಹುಡುಗಿ, ಮುಟ್ಟಿನ ಹೊಟ್ಟೆನೋವು, ಸೋಫಾದಲ್ಲಿ ಮುದುಡಿದ್ದಾಳೆ. "ಎಲ್ರಿಗೂ ಇರೋದೇ, ತಡ್ಕೋಬೇಕು," ಅಂದರು ತಾಯಿ. ಜ್ವರ ನೂರು ದಾಟಿದರೆ ಮಾತ್ರೆಗೆ ಓಡುವ ಮನೆಯೇ ಇದು! ಗರ್ಭಕೋಶವನ್ನು ಹಿಂಡುವ ಪ್ರೊಸ್ಟಾಗ್ಲಾಂಡಿನ್ ಹುಟ್ಟದಂತೆ ತಡೆಯುವ ಮಾತ್ರೆಗಳಿವೆ. ವೈದ್ಯರನ್ನು ಕೇಳಿ ನೋವು ಶುರುವಾಗುತ್ತಿದ್ದಂತೆ ತೆಗೆದುಕೊಂಡರೆ ಗುಣ ಹೆಚ್ಚು. ತಿಂಗಳು ತಿಂಗಳೂ ಶಾಲೆ ತಪ್ಪುವಷ್ಟಿದ್ದರೆ ತಪಾಸಣೆಯೂ ಬೇಕು.

ಅವಳು ಮಾತ್ರೆ ಗೆಳತಿಯ ಹತ್ತಿರ ಇಸಕೊಂಡಿದ್ದಳಂತೆ.

"ಅಮ್ಮಂಗೆ ಹೇಳಿಲ್ವೇನೇ?"

"ಹೇಳಿದ್ರೆ ಏನಂತಾರೆ ಅಂತ ಈಗ ತಾನೇ ಕೇಳಿಸ್ಕೊಂಡ್ರಲ್ಲ, ಅತ್ತೆ."