ಭಂಗಾರದ ಅಂಗಡಿಯ ನಂಬರ್ ಪ್ಲೇಟು

ನಮ್ಮ ಮನೆಯ ಕೋಳಿಗೂಡಿನ ಬಾಗಿಲ ಮೇಲೆ ಕೆಎ-23 ಎಂದು ಬರೆದಿದೆ. ಅದು ಅಪ್ಪನ ಹಳೆಯ ಬೈಕಿನ ನಂಬರ್ ಪ್ಲೇಟು. 2019ರ ಏಪ್ರಿಲ್ 1ಕ್ಕಿಂತ ಮೊದಲು ನೋಂದಣಿಯಾದ ವಾಹನಗಳಿಗೂ ಎಚ್‌ಎಸ್‌ಆರ್‌ಪಿ ಫಲಕ ಹಾಕಿಸಬೇಕೆಂದು 2023ರಲ್ಲಿ ನಮ್ಮ ರಾಜ್ಯದಲ್ಲಿ ಆದೇಶವಾಯಿತು. ಗಡುವು ಮುಂದಕ್ಕೆ ಹೋಗುತ್ತಾ ಹೋಗುತ್ತಾ ಕೊನೆಗೊಂದು ದಿನ ಅಪ್ಪನೂ ಹೊಸದನ್ನು ಹಾಕಿಸಿ, ಹಳೆಯದನ್ನು ಕೈಚೀಲದಲ್ಲಿ ಹಾಕಿಕೊಂಡು ಬಂದರು. "ಚಲೋ ತಗಡ ಐತಿ, ಯಾಕ ಒಗೀತೀರಿ" ಎಂದು ಅವ್ವ ಅದನ್ನು ಗೂಡಿಗೆ ಮೊಳೆ ಹೊಡೆದು ಕೂಡಿಸಿದಳು.

ನಿಪ್ಪಾಣಿ ಕಡೆಯ ಒಂದು ಪ್ರೌಢಶಾಲೆಗೆ ನನ್ನನ್ನು ಬೋಧನಾಭ್ಯಾಸಕ್ಕೆ ಹಾಕಿದಾಗ ಹತ್ತನೆಯ ತರಗತಿಯ "ಲೋಹಗಳು ಮತ್ತು ಅಲೋಹಗಳು" ಪಾಠ ನನ್ನ ಪಾಲಿಗೆ ಬಂತು. ಲೋಹಗಳು ನಶಿಸುವುದನ್ನು ತೋರಿಸಲು ಮೂರು ಪ್ರನಾಳ, ಮೂರು ಮೊಳೆಯ ಪ್ರಯೋಗ ಎಲ್ಲರಿಗೂ ಗೊತ್ತು. ಆದರೆ ಅದಕ್ಕೆ ದಿನಗಟ್ಟಲೆ ಕಾಯಬೇಕು. ವರ್ಷಗಟ್ಟಲೆ ಮಳೆ, ಬಿಸಿಲು, ಧೂಳು ಉಂಡ ಲೋಹವೇ ಸಿಕ್ಕರೆ ಒಳ್ಳೆಯದಲ್ಲವೇ ಎಂದು ಯೋಚಿಸುವಾಗ ಕೋಳಿಗೂಡು ನೆನಪಾಯಿತು. ಹಳೆಯ ನಂಬರ್ ಪ್ಲೇಟುಗಳನ್ನು ಹುಡುಕಿಕೊಂಡು ನಿಪ್ಪಾಣಿಯ ಒಂದು ಗುಜರಿ ಅಂಗಡಿಗೆ ಹೋದೆ. ನಮ್ಮ ಗಡಿ ಭಾಗದಲ್ಲಿ ಗುಜರಿಗೆ ಮರಾಠಿಯ "ಭಂಗಾರ" ಎಂಬ ಪದವೇ ರೂಢಿ. ಬಂಗಾರಕ್ಕೂ ಭಂಗಾರಕ್ಕೂ ನಡುವೆ ಒಂದು ಉಸಿರಿನ ಅಂತರ ಮಾತ್ರ.

ಅಂಗಡಿಯ ಮಾಲೀಕರು ಒಂದು ಮೂಲೆ ತೋರಿಸಿದರು. ರಾಶಿಯಲ್ಲಿ ಕೆಎ-22, ಕೆಎ-23ಗಳ ಜೊತೆಗೆ ಕೊಲ್ಹಾಪುರದ ಎಂಎಚ್-09, ಸಾಂಗಲಿಯ ಎಂಎಚ್-10 ಕೂಡ ಬಿದ್ದಿದ್ದವು. ಕಾಗವಾಡದಲ್ಲಿ, ಅಥಣಿಯಲ್ಲಿ ಕಬ್ಬಿನ ಹಂಗಾಮಿನಲ್ಲಿ ರಸ್ತೆ ನೋಡಿದವರಿಗೆ ಇದು ಹೊಸದಲ್ಲ. ಕೆಲವು ಪ್ಲೇಟುಗಳ ಅಂಕಿ ಕನ್ನಡದಲ್ಲಿ, ಕೆಲವು ದೇವನಾಗರಿಯಲ್ಲಿ. ಎಲ್ಲಕ್ಕಿಂತ ಕೆಳಗೆ, ಕಬ್ಬಿಣದ ಮೇಲೆ ಪೇಂಟರ್ ಕೈಯಿಂದ ಬರೆದ, "ಎಂವೈ" ಎಂದು ಶುರುವಾಗುವ ಮೂರಕ್ಷರದ ಒಂದು ಪ್ಲೇಟು. ಆರು ಪ್ಲೇಟು ಆರಿಸಿದೆ. ತೂಕ ಮಾಡಿ ದುಡ್ಡು ತೆಗೆದುಕೊಂಡರು. ಹೊರಡುವಾಗ ಒಳಗಿನಿಂದ ಒಬ್ಬ ಹುಡುಗಿ ಇಣುಕಿ ನೋಡಿ ಸರಿದಳು. ಅವಳು ನನ್ನ ತರಗತಿಯಲ್ಲೇ ಮೂರನೆಯ ಬೆಂಚಿನಲ್ಲಿ ಕೂಡುವವಳು.

ಪ್ಲೇಟುಗಳನ್ನು ನೋಡಿದ ಮಾರ್ಗದರ್ಶಕ ಶಿಕ್ಷಕರು ಮೊದಲು ಒಂದು ಮಾತು ಹೇಳಿದರು: "ನಂಬರ್ ಅಂದರೆ ವಾಹನದ ಗುರುತು. ಯಾರಾದರೂ ದುರುಪಯೋಗ ಮಾಡಿಕೊಂಡರೆ ಯಾರು ಹೊಣೆ?" ಈಗಲೂ ರಸ್ತೆಯ ಮೇಲಿರಬಹುದಾದ ವಾಹನಗಳ ಪ್ಲೇಟುಗಳಿಂದ ಕೊನೆಯ ಎರಡು ಅಂಕಿಗಳನ್ನು ತಗಡಿನ ಕತ್ತರಿಯಿಂದ ಕತ್ತರಿಸಿ ತೆಗೆದೆವು. ಇಂಥ ಉಪಕರಣ ಬಳಸುವ ಮಿತ್ರರು ಇದನ್ನು ಮರೆಯಬಾರದು.

ಪಾಠದ ದಿನ ಎರಡು ತಪ್ಪು ಮಾಡಿದೆ.

ಮೊದಲನೆಯದು: ಬಣ್ಣದ ಕೆಳಗಿನ ಕಬ್ಬಿಣ ತೋರಿಸಬೇಕೆಂದು ಆ ಎಂವೈ ಪ್ಲೇಟನ್ನು ಮರಳು ಕಾಗದದಿಂದ ಅರ್ಧ ಉಜ್ಜಿದೆ. ಹೊಳೆಯುವ ಲೋಹ ಕಂಡಿತು, ಮಕ್ಕಳು ಕತ್ತು ಉದ್ದ ಮಾಡಿ ನೋಡಿದರು, ನನಗೆ ಖುಷಿಯಾಯಿತು. ಎರಡನೆಯದು: ಆ ಖುಷಿಯಲ್ಲೇ, "ಇವೆಲ್ಲಾ ಎಲ್ಲಿಂದ ಬಂದವು ಗೊತ್ತಾ? ನಿಮ್ಮ ಗೆಳತಿಯ ಅಪ್ಪನ ಅಂಗಡಿಯಿಂದ" ಎಂದು ಅವಳತ್ತ ಕೈ ತೋರಿಸಿದೆ. ಅವಳಿಗೆ ಹೆಮ್ಮೆಯಾಗುತ್ತದೆ ಎಂದುಕೊಂಡಿದ್ದೆ. ಹಿಂದಿನ ಬೆಂಚಿನಿಂದ "ಭಂಗಾರ" ಎಂಬ ಒಂದು ಸಣ್ಣ ದನಿ, ಆಮೇಲೆ ಇಡೀ ತರಗತಿಯ ನಗು. ಅವಳು ತಲೆ ತಗ್ಗಿಸಿದಳು. ಆ ಹೆಸರು ಅವಳಿಗೆ ಮೊದಲೇ ಅಂಟಿತ್ತೆಂದು, ಅದನ್ನು ಅವಳು ವರ್ಷಗಳಿಂದ ಮುಚ್ಚಿಕೊಳ್ಳಲು ನೋಡುತ್ತಿದ್ದಳೆಂದು ನನಗೆ ತಿಳಿದಿರಲಿಲ್ಲ. ಮರುದಿನ ಅವಳು ಶಾಲೆಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ.

ಮಾರ್ಗದರ್ಶಕರ ವೀಕ್ಷಣಾ ಹಾಳೆಯಲ್ಲಿ ಹೀಗಿತ್ತು: "ಬೋಧನೋಪಕರಣ ಉತ್ತಮ. ವಿದ್ಯಾರ್ಥಿನಿ?" ಆ ಪ್ರಶ್ನಾರ್ಥಕ ಚಿಹ್ನೆ ನನ್ನನ್ನು ಎರಡು ರಾತ್ರಿ ಮಲಗಗೊಡಲಿಲ್ಲ.

ಶನಿವಾರ ಶಾಲೆ ಬಿಟ್ಟ ಮೇಲೆ ಅಂಗಡಿಗೆ ಹೋದೆ. ಅವಳು ನೆಲದ ಮೇಲೆ ಕೂತು ತಗಡು ಬೇರ್ಪಡಿಸುತ್ತಿದ್ದಳು. ಕೈಯಲ್ಲಿ ಒಡೆದ ಸ್ಪೀಕರಿನ ಅಯಸ್ಕಾಂತ. ಅಂಟಿದ್ದು ಒಂದು ಕಡೆ, ಅಂಟದ್ದು ಇನ್ನೊಂದು ಕಡೆ. ಬಹಳಷ್ಟಕ್ಕೆ ಅಯಸ್ಕಾಂತವೂ ಬೇಕಾಗಿರಲಿಲ್ಲ. ಕೈಯಲ್ಲಿ ಎತ್ತಿದರೆ ಸಾಕು, ತಿಳಿಯುತ್ತಿತ್ತು. "ಇದು ಜರ್ಮನ್ ಐತ್ರಿ ಟೀಚರ್, ಹಗುರ ಇರ್ತೈತಿ" ಅಂದಳು. ನಮ್ಮ ಕಡೆ ಅಲ್ಯೂಮಿನಿಯಂ ಅಂದರೆ ಜರ್ಮನ್. ಕಬ್ಬಿಣದ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 7.9 ಗ್ರಾಂ, ಅಲ್ಯೂಮಿನಿಯಂನದು 2.7 ಎಂದು ನಾನು ಕಪ್ಪು ಹಲಗೆಯ ಮೇಲೆ ಬರೆದದ್ದನ್ನು ಅವಳ ಅಂಗೈ ಮೊದಲೇ ಬಲ್ಲದು.

ನಾನು ಕ್ಷಮೆ ಕೇಳಿದೆ. ಅವಳು ಏನೂ ಅನ್ನಲಿಲ್ಲ. ಅವಳ ಅಪ್ಪ ಚಹಾ ತರಿಸಿ, ನನ್ನ ಕೈಯಲ್ಲಿದ್ದ ಎಂವೈ ಪ್ಲೇಟನ್ನು ನೋಡಿ "ಅಯ್ಯೋ, ತಿಕ್ಕಿಬಿಟ್ರಲ್ರಿ!" ಎಂದರು. "ಇಂಥಾವನ್ನ ಕೇಳಾಕ ಮಂದಿ ಬರ್ತಾರ್ರಿ. ಅಂಬಾಸಿಡರ್ ಬಾನೆಟ್ಟಿನ ಹೆಸರು, ಹಳೀ ಫಿಯಟ್ಟಿನ ದೀಪದ ಬಳಿ, ಸ್ಟೀರಿಂಗ್ ನಡುವಿನ ಬಿಲ್ಲೆ, ಇಂಥಾವೆಲ್ಲ ಕಿಲೋ ಲೆಕ್ಕ ಅಲ್ರಿ, ನಗದ ಲೆಕ್ಕ. ಆದ್ರ ಬಣ್ಣ ಹ್ವಾದ್ರ ಬರೇ ತಗಡ."

ಮನೆಗೆ ಬಂದು ಈ ವಿಷಯವನ್ನು ಓದುತ್ತಾ ಹೋದೆ. ಅವರು ಹೇಳಿದ್ದು ಜಗತ್ತಿನ ಸಂಗ್ರಾಹಕರೆಲ್ಲ ಒಪ್ಪುವ ಮಾತೇ ಆಗಿತ್ತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 1903ರಲ್ಲಿ ಕೊಟ್ಟ ನಂಬರ್ ಪ್ಲೇಟುಗಳು ಕಬ್ಬಿಣದ ಮೇಲೆ ಗಾಜಿನ ಪುಡಿಯನ್ನು ಕಾಯಿಸಿ ಕೂಡಿಸಿದ ಎನಾಮಲ್ಲಿನವು. ಎನಾಮಲ್ ಚಕ್ಕೆ ಎದ್ದಲ್ಲಿ, ಮುಖ್ಯವಾಗಿ ತಿರುಪಿನ ರಂಧ್ರದ ಸುತ್ತ, ತುಕ್ಕು ಶುರುವಾಗುತ್ತದೆ. ಹಾಗಾಗಿ ಚಕ್ಕೆ ಏಳದೆ ಉಳಿದವು ಕಡಿಮೆ. ಕಡಿಮೆ ಇರುವುದರಿಂದಲೇ ಬೆಲೆ. ಹೊಸ ಬಣ್ಣ ಬಳಿದರೆ ಅಂದ ಹೆಚ್ಚಬಹುದು, ಬೆಲೆ ಇಳಿಯುತ್ತದೆ. 2023ರಲ್ಲಿ ದುಬೈನಲ್ಲಿ "ಪಿ 7" ಎಂಬ ನಂಬರ್ 5.5 ಕೋಟಿ ದಿರ್ಹಮಿಗೆ ಹರಾಜಾದದ್ದು ಬೇರೆ ಕಥೆ. ಅಲ್ಲಿ ಮಾರಾಟವಾದದ್ದು ಅಂಕಿಯ ಪ್ರತಿಷ್ಠೆ. ಹಳೆಯ ಪ್ಲೇಟಿನಲ್ಲಿ ಮಾರಾಟವಾಗುವುದು ಅದು ಸವೆದು ಬಂದ ದಾರಿ.

ನಮ್ಮ ದೇಶದಲ್ಲೂ ಈ ಬೆಲೆಯನ್ನು ಕಾನೂನು ಗುರುತಿಸಿದೆ. 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ವಾಹನಗಳಿಗೆ 2021ರ ನಿಯಮದಂತೆ "ವಿಎ" ಅಕ್ಷರಗಳಿರುವ ಪ್ರತ್ಯೇಕ ನೋಂದಣಿ ಸಂಖ್ಯೆ ಸಿಗುತ್ತದೆ. ಧರ್ಮಸ್ಥಳದ ಹಳೆಯ ಕಾರುಗಳ ಸಂಗ್ರಹವನ್ನು ಶಾಲಾ ಪ್ರವಾಸದಲ್ಲಿ ನೋಡಿದ್ದೆ. ಆಗ ಕಾರು ನೋಡಿದ್ದೆ, ನಂಬರ್ ನೋಡಿರಲಿಲ್ಲ. ನೋಡಬೇಕಿತ್ತು. ನಮ್ಮ ಚಿಕ್ಕೋಡಿ, ರಾಯಬಾಗ, ಅಥಣಿ ಸೀಮೆ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಆ ರಾಜ್ಯದ ವಾಹನಗಳ ಅಕ್ಷರ "ಬಿಎಂ". ಆಮೇಲೆ ಮೈಸೂರು ರಾಜ್ಯ. ಎಂವೈ ಆ ಹೆಸರಿನ ನೆನಪು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು. 1988ರ ಮೋಟಾರು ವಾಹನ ಕಾಯ್ದೆ 1989ರ ಜುಲೈನಲ್ಲಿ ಜಾರಿಗೆ ಬಂದ ಮೇಲೆ ಕೆಎ ಬಂತು. ಊರು ಇದ್ದಲ್ಲೇ ಇದೆ, ತಗಡಿನ ಮೇಲೆ ರಾಜ್ಯ ಬದಲಾಗಿದೆ. ನಾನು ಮರಳು ಕಾಗದದಿಂದ ಉಜ್ಜಿದ್ದು ಇದನ್ನು.

ಸೋಮವಾರ ಅವಳು ಬಂದಳು. ತರಗತಿಗೆ ಮೊದಲು ಅವಳನ್ನು ಒಬ್ಬಳನ್ನೇ ಕರೆದು ಕೇಳಿದೆ: "ಲೋಹ ಗುರುತಿಸುವುದನ್ನು ನೀನು ಮಾಡಿ ತೋರಿಸುತ್ತೀಯಾ? ಬೇಡವಾದರೆ ಬೇಡ." ಸ್ವಲ್ಪ ಹೊತ್ತು ಯೋಚಿಸಿ, "ಅಂಗಡಿ ಸುದ್ದಿ ತೆಗೀಬ್ಯಾಡ್ರಿ" ಅಂದಳು. ಒಪ್ಪಿದೆ.

ಮೇಜಿನ ಮೇಲೆ ಆರು ತಗಡು, ಅವಳ ಕಣ್ಣಿಗೆ ಕರವಸ್ತ್ರ. ಒಂದೊಂದನ್ನೇ ಎತ್ತಿ, ಬೆರಳಿನಿಂದ ತಟ್ಟಿ, ಹೆಸರು ಹೇಳಿದಳು. ಆರಕ್ಕೆ ಆರೂ ಸರಿ. ಉಳಿದವರು ಪ್ರಯತ್ನಿಸಿ ತಪ್ಪಿದರು. ಆಮೇಲೆ ಪಾಠ ತಾನಾಗಿಯೇ ನಡೆಯಿತು. ಕಬ್ಬಿಣದ ತುಕ್ಕು ಪದರ ಪದರವಾಗಿ ಉದುರಿ ಒಳಗಿನ ಕಬ್ಬಿಣವನ್ನು ಗಾಳಿ, ನೀರಿಗೆ ಮತ್ತೆ ತೆರೆದಿಡುತ್ತದೆ. ಅಲ್ಯೂಮಿನಿಯಂ ಮೇಲಿನ ಆಕ್ಸೈಡ್ ಪದರ ಗಟ್ಟಿಯಾಗಿ ಅಂಟಿಕೊಂಡು ತನ್ನ ಲೋಹವನ್ನು ತಾನೇ ಕಾಯುತ್ತದೆ. "ಅದಕ್ಕ ಹೊಸ ಪ್ಲೇಟ್ ಜರ್ಮನ್‌ದಾಗ ಮಾಡ್ತಾರನ್ರಿ?" ಎಂದು ಒಬ್ಬ ಕೇಳಿದ. ಪಾಠ ಯೋಜನೆಯಲ್ಲಿ ನಾನು ಬರೆದುಕೊಂಡ ಯಾವ ಪ್ರಶ್ನೆಗಿಂತಲೂ ಅದು ಒಳ್ಳೆಯದಿತ್ತು. ಇನ್ನೊಬ್ಬ ಅವಳನ್ನು ಕೇಳಿದ: "ನಿನಗ ಹ್ಯಾಂಗ ಗೊತ್ತಾತು?" ನಾನು ಸುಮ್ಮನಿದ್ದೆ. ಅವಳು ಕರವಸ್ತ್ರ ಬಿಚ್ಚಿ, "ನಮ್ಮ ಅಂಗಡ್ಯಾಗ ದಿನಾ ಮಾಡ್ತೇನಿ" ಅಂದಳು. ಈ ಸಲ ತಾನೇ ಹೇಳಿದಳು. ಒಂದಿಬ್ಬರು ನಕ್ಕರು, ಎಲ್ಲರೂ ನಗಲಿಲ್ಲ. ಅಷ್ಟೇ ನಾನು ಖಚಿತವಾಗಿ ಹೇಳಬಲ್ಲೆ.

ಅದೇ ಪ್ಲೇಟುಗಳು ಗಣಿತಕ್ಕೂ ಒದಗಿದವು. ಅಂಕಿಯೊಂದಿಗೆ ಗೊಂದಲವಾಗದಂತೆ ಸರಣಿಯಲ್ಲಿ ಇಂಗ್ಲಿಷಿನ ಐ ಮತ್ತು ಓ ಬಿಡುತ್ತಾರೆ. ಉಳಿದ 24 ಅಕ್ಷರಗಳನ್ನೆಲ್ಲ ಬಳಸಿದರೆ ಎರಡಕ್ಷರದ ಸರಣಿಗಳು 576. ಒಂದೊಂದರಲ್ಲಿ 9,999 ಸಂಖ್ಯೆ. ಕೆಎ-23 ಒಂದರಲ್ಲೇ 57,59,424 ವಾಹನ ಹಿಡಿಯಬಹುದೆಂದು ಮಕ್ಕಳೇ ಗುಣಿಸಿ ಕಂಡುಕೊಂಡರು.

ಮಿತ್ರರೇ, ನಮ್ಮ ಪಾಠ ಯೋಜನೆಯ ಕೊನೆಯ ಹಂತಕ್ಕೆ "ಮೌಲ್ಯಮಾಪನ" ಎಂದು ಹೆಸರು. ನಾನು ಅದನ್ನು ಐದು ಪ್ರಶ್ನೆಗಳೆಂದು ತಿಳಿದಿದ್ದೆ. ಉಪಕರಣವನ್ನು ಮಕ್ಕಳ ಮನೆಯಿಂದ ತರುವಾಗ ಮೊದಲು ಆ ಮಗುವನ್ನು ಕೇಳಿ. ಅದು ಏನು ಬಲ್ಲದು, ಏನನ್ನು ಹೇಳಿಕೊಳ್ಳಲು ಸಿದ್ಧವಿದೆ ಎಂದು ತಿಳಿದುಕೊಳ್ಳಿ. ಅರ್ಧ ಉಜ್ಜಿದ ಎಂವೈ ಪ್ಲೇಟನ್ನು ಅಂಗಡಿಯವರು ವಾಪಸು ಪಡೆಯಲಿಲ್ಲ. ಅದು ನನ್ನ ಓದುವ ಮೇಜಿನ ಮೇಲಿದೆ. ಉಜ್ಜಿದ ಭಾಗಕ್ಕೆ ಈಗಾಗಲೇ ತೆಳುವಾಗಿ ತುಕ್ಕು ಹಿಡಿದಿದೆ, ಬಣ್ಣವಿದ್ದ ಭಾಗ ಹಾಗೆಯೇ ಇದೆ.